ಸಕ್ಕರೆ ಹಚ್ಚಿದ ಬೀಡ್‌ಗಳು: ಹಿಡಿತಕ್ಕೆ ತಕರಾರಿಲ್ಲ, ‘ಮಾತ್ರ’ ಅನ್ನೋ ಪದಕ್ಕಿದೆ

ಪ್ರೋಟೀನುಗಳ ಮಿಶ್ರಣದಿಂದ ಬೇಕಾದ್ದನ್ನು ಹಿಡಿದು ತೆಗೆಯೋಕೆ ಲ್ಯಾಬಿನಲ್ಲಿ ಬಳಸುವ, ಮೇಲೆ ಸಕ್ಕರೆ ಹಚ್ಚಿದ ಪುಟ್ಟ ಮಣಿಗಳು ಈ ಬೀಡ್‌ಗಳು. ಬಾಟಲಿ ಮೇಲೆ ಹೀಗೆ ಬರೆದಿದೆ: ಮ್ಯಾನೋಸ್ (ಒಂದು ಬಗೆಯ ಸಕ್ಕರೆ) ಗುರುತಿಸುವ ಪ್ರೋಟೀನನ್ನು ಮಾತ್ರ ಹಿಡಿಯುತ್ತದೆ. ಆ ‘ಮಾತ್ರ’ವನ್ನು ನಂಬಿ ನಾನು ಮೂರು ವಾರ ಹಾಳು ಮಾಡಿಕೊಂಡೆ. ಹಾಗಂತ ಇದು ಕೆಟ್ಟ ಸಾಮಾನಲ್ಲ. ನಾಲ್ಕು ತಿಂಗಳಿಂದ ಬಳಸುತ್ತಿದ್ದೇನೆ, ಎರಡನೇ ಸಲ ತರಿಸಿದ್ದೂ ಆಯಿತು. ಆದರೆ ಯಾವ ಬಾಟಲಿ ತರಿಸಬೇಕು, ಯಾವುದನ್ನು ಬಿಡಬೇಕು, ಕೈಪಿಡಿಯ ಯಾವ ಸಾಲನ್ನು ಪೆನ್ನು ಹಿಡಿದು ಹೊಡೆದು ಹಾಕಬೇಕು ಅಂತ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನಿಸಿತು, ಅದಕ್ಕೇ ಬರೆಯುತ್ತಿದ್ದೇನೆ. ಕಂಪನಿ ಹೆಸರು ಹಾಕುವುದಿಲ್ಲ. ಇಂಥ ಬೀಡ್‌ಗಳನ್ನು ಯಾರಿಂದ ತರಿಸಿದರೂ ಇದರಲ್ಲಿ ಅರ್ಧ ಮಾತು ಉಪಯೋಗಕ್ಕೆ ಬರುತ್ತದೆ.

ಡಬ್ಬಿಯಲ್ಲಿ ಬರುವುದು ನಾಲ್ಕು ಪುಟ್ಟ ಬಾಟಲಿ. ಮೂರರಲ್ಲಿ ಮ್ಯಾನೋಸ್ ಹಚ್ಚಿದ ಮ್ಯಾಗ್ನೆಟಿಕ್ ಬೀಡ್‌ಗಳು: ಸಕ್ಕರೆ ಕಡಿಮೆ ಇರುವುದು, ಮಧ್ಯಮ, ಜಾಸ್ತಿ. ನಾಲ್ಕನೆಯದರಲ್ಲಿ ಸಕ್ಕರೆಯೇ ಇಲ್ಲದ ಬೋಳು ಬೀಡ್, ಅದನ್ನು ಅವರು ‘ಕಂಟ್ರೋಲ್’ ಅನ್ನುತ್ತಾರೆ. ಗ್ಯಾಲಕ್ಟೋಸ್ ಹಚ್ಚಿದ್ದು ಬೇಕಾದರೆ ಬೇರೆ ತರಿಸಿಕೊಳ್ಳಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಇದರದ್ದೇ ದೊಡ್ಡ ಜಗಳ ಇದೆ.

ಬೀಡ್ ಒಳಗೆ ಕಬ್ಬಿಣದ ಆಕ್ಸೈಡ್, ಸುತ್ತ ಪಾಲಿಮರ್ ಚಿಪ್ಪು. ಚಿಪ್ಪಿನಿಂದ ಹೊರಕ್ಕೆ ಚಾಚಿದ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಎಳೆಗಳು, ಎಳೆಯ ತುದಿಗೆ ಸಕ್ಕರೆ. ಸಕ್ಕರೆಯನ್ನು ಕೂರಿಸಿರುವುದು ಕ್ಲಿಕ್ ಕೆಮಿಸ್ಟ್ರಿಯಲ್ಲಿ, ಅಂದರೆ ಎರಡು ಅಣುಗಳನ್ನು ಕೊಂಡಿ ಹಾಕಿದ ಹಾಗೆ ಜೋಡಿಸುವ ವಿಧಾನದಲ್ಲಿ: ಒಂದು ಕಡೆಯ ಕೊಂಡಿ ಅಜೈಡ್, ಇನ್ನೊಂದು ಕಡೆಯದು ಆಲ್ಕೈನ್, ನಡುವೆ ತಾಮ್ರದ ದಲ್ಲಾಳಿ ಕೆಲಸ. 2022ರಲ್ಲಿ ಶಾರ್ಪ್‌ಲೆಸ್, ಮೆಲ್ಡಾಲ್, ಬರ್ಟೋಝಿ ಮೂವರಿಗೂ ನೊಬೆಲ್ ಬಂತಲ್ಲ, ಆ ಸಾಲಿನ ಕೆಲಸವೇ. ತಾಮ್ರದ ವಿಷಯವನ್ನೂ ನೆನಪಿಟ್ಟುಕೊಳ್ಳಿ.

ಹೊಸಬರಿಗೆ ಎರಡು ಮಾತು. ಸಕ್ಕರೆಯನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳಿಗೆ ಲೆಕ್ಟಿನ್ ಅಂತ ಹೆಸರು. ಬಾಯ್ಡ್ ಮತ್ತು ಶೇಪ್ಲೀ 1954ರಲ್ಲಿ ಇಟ್ಟ ಹೆಸರು, ಲ್ಯಾಟಿನ್‌ನಲ್ಲಿ ‘ಆರಿಸು’ ಅನ್ನುವ ಪದದಿಂದ ಬಂದದ್ದು. ಹೆಸರಿಗೆ ತಕ್ಕಂತೆ ಬಹಳ ಚೂಸಿ ಇವು. ಮ್ಯಾನೋಸ್, ಗ್ಲೂಕೋಸ್, ಗ್ಯಾಲಕ್ಟೋಸ್ ಮೂರಕ್ಕೂ ಫಾರ್ಮುಲಾ ಒಂದೇ. ಗ್ಲೂಕೋಸ್‌ನ ಎರಡನೇ ಕಾರ್ಬನ್ ಮೇಲಿರುವ ಓಎಚ್ ದಿಕ್ಕು ಬದಲಾದರೆ ಮ್ಯಾನೋಸ್, ನಾಲ್ಕನೆಯದರ ಮೇಲಿನದು ಬದಲಾದರೆ ಗ್ಯಾಲಕ್ಟೋಸ್, ಅಷ್ಟೇ ವ್ಯತ್ಯಾಸ. ಕಾನ್‌ಕನಾವಲಿನ್ ಎ, ಲ್ಯಾಬಿನಲ್ಲಿ ಎಲ್ಲರೂ ಕಾನ್ ಎ ಅನ್ನೋದು, ಮ್ಯಾನೋಸನ್ನು ಇಷ್ಟಪಟ್ಟು ಹಿಡಿಯುತ್ತದೆ, ಗ್ಲೂಕೋಸನ್ನು ಸ್ವಲ್ಪ ಸಡಿಲವಾಗಿ ಹಿಡಿಯುತ್ತದೆ, ಗ್ಯಾಲಕ್ಟೋಸ್ ಕಡೆ ತಿರುಗಿಯೂ ನೋಡುವುದಿಲ್ಲ. ಜ್ಯಾಕ್ ಬೀನ್ ಬೀಜದಿಂದ ಇದನ್ನು ಸಮ್ನರ್ 1919ರಷ್ಟು ಹಿಂದೆಯೇ ಬೇರೆ ಮಾಡಿದ್ದರು. ನೂರು ವರ್ಷ ದಾಟಿದ ಪ್ರೋಟೀನು, ಈಗಲೂ ಹೊಸ ಮೆಟೀರಿಯಲ್ ಬಂದರೆ ಮೊದಲ ಪರೀಕ್ಷೆ ಇದರ ಮೇಲೆಯೇ.

ಒಂದೇ ಒಂದು ಸಕ್ಕರೆ ಅಣು ಲೆಕ್ಟಿನ್‌ನ ಒಂದು ಜಾಗದಲ್ಲಿ ಕೂತರೆ ಆ ಹಿಡಿತ ತೀರಾ ಸಡಿಲ. ಬರುತ್ತೆ, ಕೂರುತ್ತೆ, ಎದ್ದು ಹೋಗುತ್ತೆ. ಚಪ್ಪಲಿಯ ವೆಲ್ಕ್ರೋ ಪಟ್ಟಿಯಲ್ಲಿ ಒಂದೇ ಕೊಕ್ಕೆ ಇದ್ದ ಹಾಗೆ. ಅದೇ ಸಕ್ಕರೆಯನ್ನು ಒಂದೇ ಎಳೆಯ ಮೇಲೆ, ಒಂದೇ ಮೇಲ್ಮೈ ಮೇಲೆ ಸಾಲಾಗಿ ಕೂರಿಸಿದರೆ, ಒಂದು ಬಿಟ್ಟಾಗ ಇನ್ನೊಂದು ಹಿಡಿದಿರುತ್ತದೆ, ಪ್ರೋಟೀನು ಕಿತ್ತುಕೊಂಡು ಹೋಗೋಕೆ ದಾರಿಯೇ ಇರುವುದಿಲ್ಲ. 2000ರಲ್ಲಿ ರಸಾಯನ ವಿಜ್ಞಾನಿ ಬಂಡಲ್ ಅವರ ತಂಡ ಶಿಗಾ ಮಾದರಿಯ ಟಾಕ್ಸಿನ್‌ಗೆ (ಬ್ಯಾಕ್ಟೀರಿಯಾದ ಒಂದು ವಿಷ) ಐದು ತೋಳಿನ, ನಕ್ಷತ್ರಮೀನಿನಂಥ ಸಕ್ಕರೆ ಅಣು ಮಾಡಿ ತೋರಿಸಿತ್ತು. ಆ ಟಾಕ್ಸಿನ್‌ಗೆ ಸಕ್ಕರೆ ಹಿಡಿಯುವ ತುಂಡುಗಳು ಐದು, ಇದಕ್ಕೂ ತೋಳು ಐದು. ಒಂಟಿ ಸಕ್ಕರೆಗಿಂತ ಹತ್ತು ಲಕ್ಷ ಪಟ್ಟಿಗೂ ಮೀರಿದ ಬಲ ಬಂತು. ಅದನ್ನು ಓದಿದ ಮೇಲೆ ‘ಸಕ್ಕರೆ ಜಾಸ್ತಿ ಹಚ್ಚಿದಷ್ಟೂ ಒಳ್ಳೆಯದು’ ಅಂತ ಎಲ್ಲರಿಗೂ ಅನಿಸುತ್ತದೆ. ನನಗೂ ಅನಿಸಿತ್ತು. ಈ ಕಂಪನಿಯವರೂ ಹಾಗಂತಲೇ ಮಾರುತ್ತಾರೆ, ಸಕ್ಕರೆ ಜಾಸ್ತಿ ಇರುವ ಬಾಟಲಿಗೆ ಬಂಗಾರದ ಬಣ್ಣದ ಮುಚ್ಚಳ ಬೇರೆ ಹಾಕಿದ್ದಾರೆ.

ಮೊದಲ ದಿನ ಬಂಗಾರದ ಮುಚ್ಚಳದ್ದನ್ನೇ ತೆಗೆದೆ. ಶುದ್ಧ ಕಾನ್ ಎ, ಜೊತೆಗೆ ಸಕ್ಕರೆಗೆ ಸಂಬಂಧವೇ ಇಲ್ಲದ ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೋಟೀನು), ಎರಡನ್ನೂ ಬೆರೆಸಿ ಬೀಡ್ ಹಾಕಿ ಅರ್ಧ ಗಂಟೆ ಟ್ಯೂಬ್ ತಿರುಗಿಸಿದೆ. ಮ್ಯಾಗ್ನೆಟ್ ಸ್ಟ್ಯಾಂಡಿಗೆ ಇಟ್ಟ ತಕ್ಷಣ ಕಂದು ನೀರು ಒಂದು ಪಕ್ಕಕ್ಕೆ ಸರಿದು ತಿಳಿಯಾಗುತ್ತದೆ, ನೋಡೋಕೆ ಖುಷಿ. ಮೂರು ಸಲ ತೊಳೆದು, ಎಸ್‌ಡಿಎಸ್ (ಪ್ರೋಟೀನನ್ನು ಬಿಚ್ಚಿಹಾಕುವ ಸೋಪಿನಂಥ ರಾಸಾಯನಿಕ) ಹಾಕಿ ಕುದಿಸಿ, ಜೆಲ್ ಓಡಿಸಿದೆ. ಜೆಲ್ ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರೆ ಮಾಡಿ ಗೆರೆಗೆರೆಯಾಗಿ, ಅಂದರೆ ಬ್ಯಾಂಡ್‌ಗಳಾಗಿ ತೋರಿಸುತ್ತದೆ. ಬಿಎಸ್‌ಎ ಬ್ಯಾಂಡ್ ಇಲ್ಲವೇ ಇಲ್ಲ. ಕಾನ್ ಎ 26 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ದಪ್ಪಗೆ ಕೂತಿದೆ. ಕೆಳಗೆ ಇನ್ನೆರಡು ತೆಳು ಬ್ಯಾಂಡ್ ಬಂದರೆ ಗಾಬರಿ ಬೇಡ. ಬೀಡ್ ಪ್ರೋಟೀನನ್ನು ತುಂಡು ಮಾಡಿಲ್ಲ. ಕಾನ್ ಎ ಬೀಜದಲ್ಲೇ ಸ್ವಲ್ಪ ಭಾಗ ಕತ್ತರಿಸಿಕೊಂಡೇ ಇರುತ್ತದೆ, ಅದೇ ಜೆಲ್ ಮೇಲೆ ಕಾಣುವುದು. ನಮ್ಮ ಹೊಸ ವಿದ್ಯಾರ್ಥಿನಿ ಇದನ್ನು ನೋಡಿ, “ಮೇಡಂ, ಪ್ರೋಟಿಯೇಸ್ ಸೇರಿಕೊಂಡಿದೆ” ಅಂತ, ಅಂದರೆ ಪ್ರೋಟೀನು ಕತ್ತರಿಸುವ ಕಿಣ್ವ ಬಂದಿದೆ ಅಂತ, ಇಡೀ ಬಫರ್ (ಪಿಎಚ್ ಕಾಯುವ ದ್ರಾವಣ) ಚೆಲ್ಲಿದಳು. ಕೈಪಿಡಿಯಲ್ಲಿ ಒಂದು ಸಾಲು ಹಾಕಿದ್ದರೆ ಆ ಬಫರ್ ಉಳಿಯುತ್ತಿತ್ತು.

ಅಲ್ಲಿಗೆ ಐದಕ್ಕೆ ಐದು ಸ್ಟಾರ್ ಕೊಡಬಹುದಿತ್ತು. ಕೆಲವರು ಅಲ್ಲಿಗೇ ನಿಲ್ಲಿಸಿ ಕೊಟ್ಟೂ ಇದ್ದಾರೆ. ಆದರೆ ಬಿಎಸ್‌ಎ ಒಂದನ್ನು ಬಿಟ್ಟಿತು ಅಂದ ಮಾತ್ರಕ್ಕೆ ‘ಆಯ್ದು ಹಿಡಿಯುತ್ತದೆ’ ಅನ್ನೋಕಾಗುತ್ತಾ?

ನನ್ನ ನಿಜವಾದ ಸ್ಯಾಂಪಲ್ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಒಂದು ಪ್ರೋಟೀನು. ಮ್ಯಾನೋಸ್ ಹಿಡಿಯುತ್ತದೆ ಅಂತ ಅನುಮಾನ, ಖಾತ್ರಿ ಇಲ್ಲ. ತುದಿಗೆ ಹಿಸ್ಟಿಡಿನ್ ಅನ್ನುವ ಅಮೈನೋ ಆಸಿಡ್ ಆರು ಸೇರಿದ ಬಾಲ ಇದೆ. ಮ್ಯಾನೋಸ್ ಬೀಡ್ ಹಾಕಿದೆ, ಹಿಡಿಯಿತು. ಬೋಳು ಬೀಡ್ ಹಾಕಿದೆ, ಹಿಡಿಯಲಿಲ್ಲ. ಆಹಾ, ಮುಗಿಯಿತು, ಇದು ಮ್ಯಾನೋಸ್ ಲೆಕ್ಟಿನ್ನೇ ಅಂತ ಖುಷಿಪಟ್ಟು ಸ್ಲೈಡು ಕೂಡ ಮಾಡಿದೆ. ಆಮೇಲೆ ಮೀಥೈಲ್ ಮ್ಯಾನೋಸೈಡ್ (ಮ್ಯಾನೋಸ್‌ನದ್ದೇ ಒಂದು ರೂಪ) ಸುರಿದು ಬಿಡಿಸೋಕೆ ಹೋದರೆ ಪ್ರೋಟೀನು ಅಲುಗಾಡಲಿಲ್ಲ. ಸಕ್ಕರೆಗಾಗಿ ಹಿಡಿದದ್ದಾದರೆ ಸಕ್ಕರೆ ಸುರಿದಾಗ ಸ್ವಲ್ಪವಾದರೂ ಬಿಡಬೇಕಲ್ವಾ? ಮೂರು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಗ್ಯಾಲಕ್ಟೋಸ್ ಬೀಡ್ ತರಿಸಿ ಹಾಕಿ ನೋಡಿದರೆ, ಅದಕ್ಕೂ ಅಷ್ಟೇ ಗಟ್ಟಿಯಾಗಿ ಅಂಟಿಕೊಂಡಿದೆ!

ಅಂದರೆ ಅದು ಹಿಡಿದದ್ದು ಸಕ್ಕರೆಯನ್ನಲ್ಲ. ನನ್ನ ಅನುಮಾನ ಹೋಗಿದ್ದು ತಾಮ್ರದ ಮೇಲೆ. ಕ್ಲಿಕ್ ಮಾಡುವಾಗ ಹಾಕಿದ ತಾಮ್ರ ಪೂರ್ತಿ ತೊಳೆದು ಹೋಗದೆ ಸ್ವಲ್ಪ ಉಳಿದರೆ ಹಿಸ್ಟಿಡಿನ್ ಬಾಲ ಅದಕ್ಕೆ ಜೋತುಬೀಳುತ್ತದೆ. ಈ ಬಾಲವನ್ನು ಲೋಹಕ್ಕೆ ಅಂಟಿಸಿ ಪ್ರೋಟೀನು ಶುದ್ಧ ಮಾಡುವ ನಿಕ್ಕಲ್ ಕಾಲಂನಲ್ಲಿ ನಾವು ಬೇಕಂತಲೇ ಮಾಡಿಸುವ ಕೆಲಸವನ್ನು ಇಲ್ಲಿ ಅದು ಕೇಳದೆಯೇ ಮಾಡಿತು. ಬೀಡ್‌ಗಳನ್ನು ಇಡಿಟಿಎ (ಲೋಹವನ್ನು ಕಿತ್ತು ಹಿಡಿದುಕೊಳ್ಳುವ ರಾಸಾಯನಿಕ) ಹಾಕಿ ರಾತ್ರಿಯಿಡೀ ತಿರುಗಿಸಿ, ಚೆನ್ನಾಗಿ ತೊಳೆದು ಮತ್ತೆ ಹಾಕಿದೆ. ಗ್ಯಾಲಕ್ಟೋಸ್ ಬೀಡ್ ಪ್ರೋಟೀನನ್ನು ಬಿಟ್ಟಿತು. ಮ್ಯಾನೋಸ್ ಬೀಡ್ ಕೂಡ ಬಿಟ್ಟಿತು, ಅದು ಬೇರೆ ದುಃಖ. ನನ್ನ ಪ್ರೋಟೀನು ಮ್ಯಾನೋಸ್ ಲೆಕ್ಟಿನ್ ಅಲ್ಲ. ಸ್ಲೈಡು ಅಳಿಸಿದೆ.

ಹಾಗಾದರೆ ಬೋಳು ಬೀಡ್ ಯಾಕೆ ಮೊದಲೇ ಎಚ್ಚರಿಸಲಿಲ್ಲ? ಕಂಪನಿಗೆ ಬರೆದು ಕೇಳಿದಾಗ ಗೊತ್ತಾಯಿತು, ಬೋಳು ಬೀಡ್‌ಗೆ ಕ್ಲಿಕ್ ಹಂತವೇ ಇಲ್ಲ. ಸಕ್ಕರೆ ಇಲ್ಲ, ಸಕ್ಕರೆ ಕೂರಿಸಿದಾಗ ಹುಟ್ಟುವ ಟ್ರಯಜೋಲ್ ಉಂಗುರ ಇಲ್ಲ, ತಾಮ್ರ ಮುಟ್ಟಿಯೇ ಇಲ್ಲ. ಅಂದಮೇಲೆ ಅದು ಕಂಟ್ರೋಲ್ ಹೇಗಾಗುತ್ತದೆ? ಎಲ್ಲ ಒಂದೇ ಇದ್ದು ಸಕ್ಕರೆ ಒಂದು ಬದಲಾಗಿರಬೇಕು, ಅದು ಕಂಟ್ರೋಲ್. ಆ ಕೆಲಸಕ್ಕೆ ಸರಿಯಾದದ್ದು ಗ್ಯಾಲಕ್ಟೋಸ್ ಬಾಟಲಿ. ಅದನ್ನು ಡಬ್ಬಿಯಿಂದ ಹೊರಗಿಟ್ಟು, ಇದನ್ನು ಒಳಗಿಟ್ಟಿದ್ದಾರೆ. ನನ್ನ ದೊಡ್ಡ ಸಿಟ್ಟು ಇದೊಂದೇ. ಯಾವುದಕ್ಕೆ ಹೋಲಿಸಿ ನೋಡುತ್ತೇವೆ ಅನ್ನುವುದರ ಮೇಲೇ ‘ಮಾತ್ರ’ ನಿಂತಿರುತ್ತದೆ, ಅದನ್ನೇ ತಪ್ಪಾಗಿ ಕೊಟ್ಟರೆ ಹೇಗೆ?

ಇಡಿಟಿಎ ತೊಳೆತ ಮಾಡುವವರು ಒಂದು ಎಚ್ಚರ ವಹಿಸಿ. ಆಮೇಲೆ ಅದರ ಲವಲೇಶವೂ ಉಳಿಯಬಾರದು. ಕಾನ್ ಎಗೆ ಸಕ್ಕರೆ ಹಿಡಿಯೋಕೆ ಕ್ಯಾಲ್ಸಿಯಂ, ಮ್ಯಾಂಗನೀಸ್ ಎರಡೂ ಬೇಕು. ಇಡಿಟಿಎ ಉಳಿದರೆ ಅವನ್ನು ಕಿತ್ತುಕೊಳ್ಳುತ್ತದೆ, ಆಗ ಒಳ್ಳೆ ಬೀಡ್ ಕೂಡ ಕೆಲಸ ಮಾಡುವುದಿಲ್ಲ.

ಕ್ಯಾಲ್ಸಿಯಂ ಅಂದಾಗ ಕೈಪಿಡಿ ನೆನಪಾಯಿತು. ಅದರಲ್ಲಿ ಬರೆದಿದೆ: ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬಫರ್) ಕ್ಯಾಲ್ಸಿಯಂ ಕ್ಲೋರೈಡ್, ಮ್ಯಾಂಗನೀಸ್ ಕ್ಲೋರೈಡ್ ಸೇರಿಸಿ ತೊಳೆಯಿರಿ. ಫಾಸ್ಫೇಟ್ ಬಫರಿಗೆ ಕ್ಯಾಲ್ಸಿಯಂ ಹಾಕಿದರೆ ಏನಾಗುತ್ತದೆ ಅಂತ ಬರೆದವರಿಗೆ ಗೊತ್ತಿಲ್ಲವೇ? ಬೀಡ್ ಕಂದಾಗಿರುವುದರಿಂದ ಮೊದಲು ಕಾಣುವುದಿಲ್ಲ. ಮ್ಯಾಗ್ನೆಟ್‌ಗೆ ಇಟ್ಟು ಬೀಡ್ ಸರಿದ ಮೇಲೆ ನೋಡಿದರೆ ಮೇಲಿನ ನೀರು ಹಾಲಿನ ಹಾಗೆ ಬೆಳ್ಳಗಿದೆ, ಒಂದು ಗಂಟೆ ಬಿಟ್ಟರೆ ತಳದಲ್ಲಿ ಸುಣ್ಣದಂಥ ಪುಡಿ. ಆ ಪುಡಿಗೂ ಪ್ರೋಟೀನು ಅಂಟುತ್ತದೆ, ಬೀಡ್ ಜೊತೆ ಸೇರಿಕೊಂಡು ನಿಮ್ಮ ಜೆಲ್ ಮೇಲೂ ಬರುತ್ತದೆ. ನಾನು ಫಾಸ್ಫೇಟ್ ಇಲ್ಲದ ಬಫರ್ ಆದ, 7.4 ಪಿಎಚ್‌ನ ಹೆಪಿಸ್‌ಗೆ ಬದಲಾಯಿಸಿದೆ, 150 ಮಿಲಿಮೋಲಾರ್ ಉಪ್ಪು, ಕ್ಯಾಲ್ಸಿಯಂ ಮ್ಯಾಂಗನೀಸ್ ತಲಾ 1 ಮಿಲಿಮೋಲಾರ್. ಆ ದಿನದಿಂದ ಗೋಳು ತಪ್ಪಿತು. ಇದನ್ನೂ ಕಂಪನಿಗೆ ಬರೆದಿದ್ದೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಒಂದು ಸಾಲು ಬಂತು. ಎರಡನೇ ಸಲ ತರಿಸಿದಾಗ ನೋಡಿದರೆ ಹೊಸ ಕೈಪಿಡಿಯಲ್ಲಿ ಸದ್ದಿಲ್ಲದೆ ಹೆಪಿಸ್ ಬಂದು ಕೂತಿದೆ.

ಇನ್ನು ಬಂಗಾರದ ಮುಚ್ಚಳದ ಕಥೆ. ಮೂರು ದರ್ಜೆಯನ್ನೂ ಒಟ್ಟಿಗೆ ಹೋಲಿಸಬೇಕು ಅನಿಸಿ, ಕಾನ್ ಎ ಜೊತೆ ಬಟಾಣಿ ಲೆಕ್ಟಿನ್ ಬೆರೆಸಿದೆ. ಬಟಾಣಿಯದ್ದೂ ಮ್ಯಾನೋಸ್ ಹಿಡಿಯುವ ಜಾತಿಯೇ, ಆದರೆ ಹಿಡಿತ ಕಾನ್ ಎಗಿಂತ ಸಡಿಲ, ಹಿಡಿಯುವ ಜಾಗವೂ ನಾಲ್ಕಲ್ಲ, ಎರಡೇ. ಜೆಲ್ ಮೇಲೆ 17 ಕಿಲೋಡಾಲ್ಟನ್ ಹತ್ತಿರ ಅದರ ದೊಡ್ಡ ತುಂಡು ಕಾಣುತ್ತದೆ, ಕಾನ್ ಎ ಜೊತೆ ಗೊಂದಲ ಆಗುವುದಿಲ್ಲ. ಸಕ್ಕರೆ ಜಾಸ್ತಿ ಇರುವ ಬೀಡ್ ಎರಡನ್ನೂ ಬಾಚಿಕೊಂಡಿತು. ಮಧ್ಯಮದ್ದು ಕಾನ್ ಎಯನ್ನು ಇಟ್ಟುಕೊಂಡು ಬಟಾಣಿಯದ್ದನ್ನು ಹೆಚ್ಚುಕಮ್ಮಿ ತೊಳೆದ ನೀರಿಗೆ ಬಿಟ್ಟಿತು. ಕಡಿಮೆಯದ್ದು ಇಬ್ಬರನ್ನೂ ಸರಿಯಾಗಿ ಹಿಡಿಯಲಿಲ್ಲ.

ಯೋಚನೆ ಮಾಡಿದರೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಕಾನ್ ಎಯ ಸಕ್ಕರೆ ಹಿಡಿಯುವ ಜಾಗಗಳ ನಡುವೆ ಸುಮಾರು ಆರೂವರೆ ನ್ಯಾನೋಮೀಟರ್ ದೂರ ಇದೆ. ಸಕ್ಕರೆಗಳು ಅದಕ್ಕಿಂತ ತೀರಾ ದೂರ ಕೂತರೆ ಪ್ರೋಟೀನಿಗೆ ಒಂದೇ ಕಾಲು ಊರೋಕೆ ಸಿಗುತ್ತದೆ. ಒತ್ತೊತ್ತಾಗಿ ಕೂತರೆ ಸಡಿಲವಾಗಿ ಹಿಡಿಯುವವರಿಗೂ ನಾಲ್ಕಾರು ಆಸರೆ ಸಿಕ್ಕಿ ಅವರೂ ಗಟ್ಟಿಗರಾಗುತ್ತಾರೆ. ಜನ ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿಯದವನೂ ಬೀಳುವುದಿಲ್ಲವಲ್ಲ, ಹಾಗೆ. ಆದ್ದರಿಂದ ಹಿಡಿತದ ಬಲ ಬೇರೆ, ಆರಿಸುವ ಗುಣ ಬೇರೆ. ಮೊದಲನೆಯದನ್ನು ಹೆಚ್ಚಿಸುತ್ತಾ ಹೋದರೆ ಒಂದು ಹಂತ ದಾಟಿದ ಮೇಲೆ ಎರಡನೆಯದು ಕೈ ಬಿಡುತ್ತದೆ. ಮೆಟೀರಿಯಲ್ ಡಿಸೈನ್ ಮಾಡುವವರಿಗೆ ಇದು ಹಳೇ ಪಾಠ, ಮಾರುವ ಇಲಾಖೆಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ.

ಬಿಡಿಸುವ ವಿಷಯದಲ್ಲೂ ಮಧ್ಯಮದ್ದೇ ವಾಸಿ. ಅರ್ಧ ಮೋಲಾರ್ ಮೀಥೈಲ್ ಮ್ಯಾನೋಸೈಡ್ ಹಾಕಿ ಅರ್ಧ ಗಂಟೆ ಬಿಟ್ಟರೆ ಕಾನ್ ಎ ಬಹುಪಾಲು ಹೊರಗೆ ಬಂತು. ಸಕ್ಕರೆ ಜಾಸ್ತಿ ಇರುವ ಬೀಡ್‌ನಿಂದ ಬರಲೇ ಇಲ್ಲ, ಎಸ್‌ಡಿಎಸ್ ಹಾಕಿ ಕುದಿಸಿದಾಗಲೇ ಬಂದದ್ದು. ಕುದಿಸಿ ಪಡೆದ ಪ್ರೋಟೀನಿನಿಂದ ಜೆಲ್ ಓಡಿಸಬಹುದು, ಬೇರೇನೂ ಮಾಡೋಕಾಗಲ್ಲ. ನಿಮ್ಮ ಹತ್ತಿರ ಬಂಗಾರದ ಮುಚ್ಚಳದ್ದೇ ಇದ್ದರೆ ಒಂದು ಉಪಾಯ: ಸಕ್ಕರೆಯ ಜೊತೆ ಪಿಎಚ್ ಅನ್ನು 5ಕ್ಕೆ ಇಳಿಸಿ. ಕಾನ್ ಎ ಏಳರ ಮೇಲೆ ನಾಲ್ಕು ತುಂಡು ಸೇರಿಕೊಂಡಿರುತ್ತದೆ, ಆರರ ಕೆಳಗೆ ಎರಡೆರಡಾಗಿ ಒಡೆಯುತ್ತದೆ. ಕಾಲು ಕಡಿಮೆಯಾದರೆ ಹಿಡಿತವೂ ಸಡಿಲ. ಪೂರ್ತಿ ಬರದಿದ್ದರೂ ಸಾಕಷ್ಟು ಬಂತು ನನಗೆ.

ಬಾಟಲಿ ಜೊತೆಗಿನ ಪ್ರಮಾಣಪತ್ರದಲ್ಲಿ ಒಂದು ಮಿಲಿಗ್ರಾಂ ಬೀಡ್‌ಗೆ ಇಷ್ಟು ಸಕ್ಕರೆ ಅಂತ ಅಂಕಿ ಇರುತ್ತದೆ. ನಾನೂ ಫೀನಾಲ್ ಸಲ್ಫ್ಯೂರಿಕ್ ಆಸಿಡ್ ಹಾಕಿ 490 ನ್ಯಾನೋಮೀಟರ್‌ನಲ್ಲಿ ಓದಿ ನೋಡಿದೆ, 1956ರಿಂದ ನಡೆದುಬಂದ ಪದ್ಧತಿ ಅದು. ಬೀಡ್ ಒಳಗಿನ ಕಬ್ಬಿಣವೂ ಕರಗಿ ಹಳದಿ ಬಣ್ಣ ಕೊಟ್ಟಿತು. ಬೋಳು ಬೀಡ್ ಇಟ್ಟು ಅದನ್ನು ಕಳೆಯಬೇಕಾಯಿತು (ಅದು ನಿಜವಾಗಿ ಉಪಯೋಗಕ್ಕೆ ಬಂದದ್ದು ಇಲ್ಲಿ). ಅಂಕಿ ಅವರದ್ದಕ್ಕೆ ಹತ್ತಿರವೇ ಬಂತು, ಸುಳ್ಳು ಹೇಳಿಲ್ಲ. ಆದರೆ ಆ ಸಕ್ಕರೆಯಲ್ಲಿ ಎಷ್ಟು ಹೊರಗೆ ಚಾಚಿಕೊಂಡಿದೆ, ಎಷ್ಟು ಒಳಗೆ ಮಡಚಿಕೊಂಡು ಪ್ರೋಟೀನಿಗೆ ಸಿಗದ ಹಾಗೆ ಕೂತಿದೆ ಅನ್ನೋದನ್ನು ಈ ಅಂಕಿ ಹೇಳುವುದಿಲ್ಲ. ಬೇಕಾದ್ದು ಅದೇ.

ಸೆಲ್ ಕಲ್ಚರ್ ಮಾಡುವವರಿಗೆ ಒಂದು ಮಾತು. ಮೀಡಿಯಂಗೆ (ಜೀವಕೋಶ ಬೆಳೆಸುವ ದ್ರವ) ನೇರವಾಗಿ ಈ ಬೀಡ್ ಹಾಕಬೇಡಿ. ಗ್ಲೂಕೋಸ್ ಜಾಸ್ತಿ ಇರುವ ಡಿಎಂಇಎಂ ಅನ್ನುವ ಮೀಡಿಯಂನಲ್ಲಿ ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇದೆ, ಅಂದರೆ 25 ಮಿಲಿಮೋಲಾರ್. ಕಾನ್ ಎ ಗ್ಲೂಕೋಸನ್ನೂ ಹಿಡಿಯುತ್ತದೆ ಅಂದೆನಲ್ಲ, ಆ ಗ್ಲೂಕೋಸೇ ಮೊದಲು ಹೋಗಿ ಅದರ ಜಾಗ ತುಂಬಿಬಿಡುತ್ತದೆ. ಮೀಡಿಯಂನಲ್ಲಿ ಕಾನ್ ಎ ಬೆರೆಸಿ ಹಾಕಿದ ನನ್ನ ಸ್ನೇಹಿತರೊಬ್ಬರು “ನಿಮ್ಮ ಬೀಡ್ ಸತ್ತಿದೆ” ಅಂತ ವಾಪಸ್ ತಂದುಕೊಟ್ಟರು. ಡಯಾಲಿಸಿಸ್ ಮಾಡಿ ಗ್ಲೂಕೋಸ್ ಸೋಸಿ ತೆಗೆದು ಹಾಕಿದರೆ ಅದೇ ಬೀಡ್ ಎದ್ದು ಕೂತಿತು.

ಹಳೇ ಅಗರೋಸ್ ಬೀಡ್‌ಗಳಿಗಿಂತ ಇದು ವಾಸಿಯಾ ಅಂತ ಕೇಳುವವರಿದ್ದಾರೆ. ಗ್ಯಾಲಕ್ಟೋಸ್ ಲೆಕ್ಟಿನ್‌ಗಳ ಕೆಲಸವಾದರೆ ಖಂಡಿತ ಹೌದು. ಅಗರೋಸ್ ಅನ್ನೋದೇ ಗ್ಯಾಲಕ್ಟೋಸ್‌ನಿಂದ ಆದ ಸರಪಳಿ. ಹರಳು ಬೀಜದ ಲೆಕ್ಟಿನ್ ಬೋಳು ಅಗರೋಸ್‌ಗೇ ಹೋಗಿ ಅಂಟಿಕೊಳ್ಳುತ್ತದೆ, ಹಿಂದೆ ಅದನ್ನು ಶುದ್ಧ ಮಾಡಿದ್ದೇ ಹಾಗೆ. ಕಾನ್ ಎಯನ್ನೂ ಅಷ್ಟೇ, ಸೆಫಡೆಕ್ಸ್ ಅನ್ನುವ ಗ್ಲೂಕೋಸ್ ಸರಪಳಿಯ ಮಣಿಗಳ ಮೇಲೆ ಹಿಡಿದು ಗ್ಲೂಕೋಸ್ ಸುರಿದು ಬಿಡಿಸುತ್ತಿದ್ದರು. ತಳವೇ ಸಕ್ಕರೆಯಾದಾಗ ನೀವು ಮೇಲೆ ಹಚ್ಚಿದ ಸಕ್ಕರೆಯ ಮಾತನ್ನು ಯಾರು ಕೇಳುತ್ತಾರೆ? ಸಿಂಥೆಟಿಕ್ ಪಾಲಿಮರ್‌ಗೆ ಆ ಗೋಜಿಲ್ಲ. ಪೆಗ್ ಎಳೆ ಇರುವುದರಿಂದ ಸುಮ್ನೆ ಅಂಟುವ ಪ್ರೋಟೀನುಗಳೂ ಕಡಿಮೆ. ಬರೀ ಕಾನ್ ಎ ಶುದ್ಧ ಮಾಡುವುದಾದರೆ ಮಾತ್ರ ಹಳೆಯದೇ ಸಾಕು, ಇದು ದುಂದು.

ಬಳಕೆಯ ಸಣ್ಣಪುಟ್ಟ ವಿಷಯ: ಫ್ರೀಜ್ ಮಾಡಬೇಡಿ, ಒಣಗಿಸಬೇಡಿ, ಎರಡೂ ಮಾಡಿ ಒಂದು ಬಾಟಲಿ ಗಂಟು ಕಟ್ಟಿಸಿಕೊಂಡಿದ್ದೇನೆ. ಮಾಮೂಲಿ ಟ್ಯೂಬಿನ ಗೋಡೆಗೆ ಬೀಡ್ ಮೆತ್ತಿಕೊಳ್ಳುತ್ತದೆ, ಲೋ ಬೈಂಡ್ ಟ್ಯೂಬ್ ಬಳಸಿ. ತೆಗೆಯುವ ಮುಂಚೆ ಬಾಟಲಿ ಚೆನ್ನಾಗಿ ಅಲ್ಲಾಡಿಸದಿದ್ದರೆ ಮೊದಲ ಟ್ಯೂಬಿಗೆ ನೀರು, ಕೊನೆಯದಕ್ಕೆ ಕೆಸರು.

ಜಾಹೀರಾತಿನಲ್ಲಿ ಕಾಲರಾ ಟಾಕ್ಸಿನ್, ಫ್ಲೂ ವೈರಸ್ ಚಿತ್ರ ಎಲ್ಲ ಹಾಕಿದ್ದಾರೆ. ಕಾಲರಾ ಟಾಕ್ಸಿನ್ ಹುಡುಕುವುದು ಜೀವಕೋಶದ ಮೇಲಿನ ಜಿಎಂ1 ಅನ್ನುವ ದೊಡ್ಡ ಸಕ್ಕರೆ ಗುಂಪನ್ನು, ಫ್ಲೂ ಹುಡುಕುವುದು ಸಯಾಲಿಕ್ ಆಸಿಡನ್ನು. ಒಂಟಿ ಮ್ಯಾನೋಸ್ ಹಚ್ಚಿದ ಬೀಡ್‌ಗೂ ಅವಕ್ಕೂ ಏನು ಸಂಬಂಧ? ಆ ಚಿತ್ರ ನೋಡಿ ತರಿಸಬೇಡಿ. ಮೂತ್ರದ ಸೋಂಕು ತರುವ ಇ. ಕೋಲೈ ಬ್ಯಾಕ್ಟೀರಿಯಾದ ಫಿಮ್‌ಎಚ್ ಪ್ರೋಟೀನಿನ ಬಗ್ಗೆ ಕೆಲಸ ಮಾಡುತ್ತಿದ್ದರೆ ಸರಿ, ಅದು ಮ್ಯಾನೋಸನ್ನೇ ಹಿಡಿಯುವುದು.

ಐದಕ್ಕೆ ಮೂರೂವರೆ. ಗ್ಯಾಲಕ್ಟೋಸ್ ಬಾಟಲಿಯನ್ನು ಡಬ್ಬಿಯೊಳಗೆ ಹಾಕಿದ ದಿನ ನಾಲ್ಕೂವರೆ ಮಾಡುತ್ತೇನೆ. ಎರಡನೇ ಸಲ ಡಬ್ಬಿ ಬಿಟ್ಟು ಬಿಡಿಯಾಗಿ ತರಿಸಿದೆ, ಮಧ್ಯಮ ಮ್ಯಾನೋಸ್ ಒಂದು, ಅಷ್ಟೇ ಸಕ್ಕರೆ ಇರುವ ಗ್ಯಾಲಕ್ಟೋಸ್ ಒಂದು. ಬಂದ ದಿನವೇ ಎರಡಕ್ಕೂ ಇಡಿಟಿಎ ಸ್ನಾನ ಮಾಡಿಸಿ ಒಳಗಿಟ್ಟೆ. ಮಿಕ್ಕಿದ ಬೋಳು ಬೀಡ್ ಬಾಟಲಿಯನ್ನು ಬಫರ್ ಚೆಲ್ಲಿದ ಆ ವಿದ್ಯಾರ್ಥಿನಿಗೆ ಕೊಟ್ಟಿದ್ದೇನೆ. ಮ್ಯಾಗ್ನೆಟ್ ಹಿಡಿದು ಬೀಡ್ ಕಳೆಯದೆ ತೊಳೆಯೋದನ್ನು ಅದರ ಮೇಲೆ ಕಲಿಯುತ್ತಿದ್ದಾಳೆ.